ಹುಳಿ ಕಾಣದ ಬುಟ್ಟಿ

ಜಬ್ದಾಯ್‌ಗೆ ಕಣ್ಣು ತೆರೆದುಕೊಂಡೇ ಕನಸು ಕಾಣುವ ಅಭ್ಯಾಸ. ಅದಕ್ಕೆ ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಸೆಲ್ಯೂಕಿಯದ ಟಂಕಸಾಲೆಯಲ್ಲಿ ಅವನ ಕೊಪ್ಪರಿಗೆ ಇದ್ದದ್ದು ಟೈಗ್ರಿಸ್ ನದಿಯ ಕಡೆಗಿನ ಕಿಟಕಿಯ ಕೆಳಗೆ. ಅದರಲ್ಲಿ ಕಾಯುತ್ತಿದ್ದ ಹುಳಿಯಿಂದ, ಅಂದರೆ ಹುದುಗಿ ಹುಳಿಯಾದ ಖರ್ಜೂರದ ರಸದಿಂದ, ಹಬೆ ಏಳುತ್ತಿತ್ತು. ಹಬೆಯಾಚೆ ದೋಣಿಗಳು ನೀರು ಮುಟ್ಟದೆ ತೇಲಿದಂತೆ ಕಾಣುತ್ತಿದ್ದವು. ಅವನ ಮನಸ್ಸು ಯಾವುದೋ ಒಂದು ದೋಣಿ ಹತ್ತಿ ಹೊರಟುಬಿಡುತ್ತಿತ್ತು.

ಕೆಲಸವೇನೋ ಸುಲಭದ್ದು. ನಾಣ್ಯದಲ್ಲಿ ಬೆಳ್ಳಿ ವರ್ಷ ವರ್ಷವೂ ಇಳಿದು, ತಾಮ್ರ ಏರಿ, ಈಗ ಬಿಲ್ಲೆಗಳು ಕುಲುಮೆಯಿಂದ ಕೆಂಪಗೇ ಹೊರಬೀಳುತ್ತಿದ್ದವು. ಉಪ್ಪು ಬೆರೆಸಿದ ಹುಳಿಯಲ್ಲಿ ಅರ್ಧ ದಿನ ಬೇಯಿಸಿದರೆ ಮೇಲಿನ ತಾಮ್ರ ಕರಗಿ, ಅಳಿದುಳಿದ ಬೆಳ್ಳಿ ಮುಖಕ್ಕೆ ಬಂದು, ಬಿಲ್ಲೆ ಮೊಸರಿನಷ್ಟು ಬೆಳ್ಳಗಾಗುತ್ತಿತ್ತು. ಆಮೇಲೆ ರಾಜರ ಮುಖ ಒತ್ತಲು ಅಚ್ಚಿಗೆ. ಊರವರು ಇದನ್ನು ಮೋಸ ಎನ್ನುತ್ತಿದ್ದರು. ಜಬ್ದಾಯ್‌ಗೆ ಮಾತ್ರ ಆ ಬಿಲ್ಲೆಗಳು ಬೆಳದಿಂಗಳಲ್ಲಿ ಮಿಂದು ಎದ್ದಂತೆ ಕಾಣುತ್ತಿದ್ದವು. ಈ ಲೋಕದಲ್ಲಿ ಅವನಿಗೆ ಬೇಕಾಗಿದ್ದದ್ದು ಆ ಕಿಟಕಿ ಮತ್ತು ಆ ಕೊಪ್ಪರಿಗೆ, ಅಷ್ಟೇ.

ಅವತ್ತು ಬೆಳಿಗ್ಗೆ ಒಂದು ಬುಟ್ಟಿ ಬಿಲ್ಲೆ ಹುಳಿಯನ್ನು ಕಾಣದೆಯೇ ಅಚ್ಚಿಗೆ ಹೋಯಿತು. ಇವನು ದೋಣಿಯಲ್ಲಿದ್ದ. ಸುತ್ತಿಗೆ ಬಡಿಯುವ ಬರಾತೆ ಅಷ್ಟನ್ನೂ ಬಡಿದು ಮುಗಿಸಿದ ಮೇಲೆ ಒಂದನ್ನು ಬೆಳಕಿಗೆ ಹಿಡಿದ.

"ಜಬ್ದಾಯಣ್ಣ, ರಾಜ್ರು ಯಾಕೋ ಬೆಳಿಗ್ಗೆನೇ ಕುಡಿದಂಗಿದಾರೆ, ನೋಡು."

ಮಧ್ಯಾಹ್ನ ನದಿಯಾಚೆಯ ಅರಮನೆಯಿಂದ ಪರೀಕ್ಷಕ ಮಿಹ್ರಬಂದಕ್ ಬರುವವನಿದ್ದ. ಕೆಲಸದಲ್ಲಿ ಮೈಮರೆತವರನ್ನು ಆತ ಅಲ್ಲಿಂದಲೇ ಮನೆಗೆ ಕಳಿಸುತ್ತಿದ್ದ. ಮತ್ತೆ ಬೇಯಿಸೋಣವೆಂದರೆ ಅರ್ಧ ದಿನ ಎಲ್ಲಿಂದ ತರುವುದು?

ಸಲಹೆಗಳಿಗೇನೂ ಕೊರತೆಯಾಗಲಿಲ್ಲ. ಬಾಗಿಲಲ್ಲಿ ರೊಟ್ಟಿ ಮಾರುವ ಅಮತ್ನನಾಯ್ ಯಾರೂ ಕರೆಯದಿದ್ದರೂ ದಾಳಿಂಬೆ ಸಿಪ್ಪೆ ಅರೆದು ತಂದಳು. ಒಂದು ನಾಣ್ಯಕ್ಕೆ ಹಚ್ಚಿದ್ದೇ ತಡ, ರಾಜರು ಕಪ್ಪಗಾದರು. ಬರಾತೆ ಬೂದಿ, ಮರಳು ಹಾಕಿ ತಿಕ್ಕಲು ಹೇಳಿದ. ತಿಕ್ಕಿದಾಗ ಕಪ್ಪು ಹೋಯಿತು, ಜೊತೆಗೆ ರಾಜರ ಹಣೆಯ ಮೇಲಿನ ನರಹುಲಿಯೂ ಹೋಯಿತು. ಅದು ರಾಜವಂಶದ ಗುರುತು. ಅವರ ತಂದೆಗೂ ಇತ್ತು, ತಾತನಿಗೂ ಇತ್ತು. ಅದನ್ನು ಅಳಿಸಿದವನ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು. ಅಮತ್ನನಾಯ್ ಆ ನಾಣ್ಯವನ್ನು ತೆಪ್ಪಗೆ ಹಿಟ್ಟಿನ ಮುದ್ದೆಯೊಳಗೆ ಅದುಮಿದಳು.

ಉಪಾಯ ಹೊಳೆದದ್ದೂ ಅವಳಿಗೇ. ಆಕಾಶದಲ್ಲಿ ಸಂಚರಿಸುವ ದೇವರುಗಳು ಏಳು. ಅದಕ್ಕಾಗಿ ಪರೀಕ್ಷಕರು ಬುಟ್ಟಿಯ ಮೇಲಿಂದ ಏಳೇ ನಾಣ್ಯ ಎತ್ತುವುದು ಪದ್ಧತಿ. ಕೆಳಗೆ ಕೈ ಹಾಕುವುದಿಲ್ಲ.

"ಏಳು ಬೆಳ್ಳಗಿದ್ರೆ ಸಾಕಲ್ವೇನೋ? ನಿಮ್ಮಮ್ಮ ಬಿಟ್ಟುಹೋದ ಹಳೇ ಬೆಳ್ಳಿ ನಾಣ್ಯ ಇದಾವಲ್ಲ, ಅವು ಯಾವತ್ತಿಗೆ?"

ಜಬ್ದಾಯ್‌ಗೆ ಕೊಡಲು ಮನಸ್ಸಿರಲಿಲ್ಲ. ಅವು ಮುತ್ತಜ್ಜನ ಕಾಲದವು, ಅಪ್ಪಟ ಬೆಳ್ಳಿ. ಅವನ ಹತ್ತಿರ ಇದ್ದದ್ದೂ ಏಳೇ. ಆದರೆ ಕಿಟಕಿ ನೆನಪಾಯಿತು. ಮನೆಗೆ ಓಡಿ ತಂದ. ಬರಾತೆ ಕಾಯಿಸಿ ಬಡಿದ. ಮುತ್ತಜ್ಜನ ಕಾಲದ ರಾಜ ಎರಡೇ ಏಟಿಗೆ ಇವತ್ತಿನ ರಾಜನಾದ. ಬುಟ್ಟಿಯ ಮೇಲಿಟ್ಟ ಆ ಏಳನ್ನು ನೋಡುತ್ತ ಜಬ್ದಾಯ್ ಮತ್ತೆ ಸ್ವಲ್ಪ ದೂರ ತೇಲಿಹೋದ.

ಮಿಹ್ರಬಂದಕ್ ಬಂದ. ಮೊದಲನೆಯದನ್ನು ಒರೆಗಲ್ಲಿಗೆ ತಿಕ್ಕಿ, ಪಕ್ಕದಲ್ಲಿ ಅರಮನೆಯ ಮಾದರಿಯನ್ನೂ ತಿಕ್ಕಿ ನೋಡಿದ. ಹುಬ್ಬು ಗಂಟಿಕ್ಕಿತು. ಏಳನ್ನೂ ತಿಕ್ಕಿದ.

"ಇದರಲ್ಲಿ ಬೆಳ್ಳಿ ಜಾಸ್ತಿ ಇದೆ."

ಆ ಟಂಕಸಾಲೆಯಲ್ಲಿ ಅಂಥ ದೂರು ಅದುವರೆಗೆ ಯಾರೂ ಕೇಳಿರಲಿಲ್ಲ.

"ಬೊಕ್ಕಸದ ಬೆಳ್ಳೀನ ಊರಿಗೆಲ್ಲ ಹಂಚ್ತಾ ಇರೋ ಪುಣ್ಯಾತ್ಮ ಯಾರಪ್ಪ?"

ಆತ ಏಳನ್ನೂ ಜಪ್ತಿ ಮಾಡಿ ಚೀಲಕ್ಕೆ ಹಾಕಿಕೊಂಡ. ಅನುಮಾನ ಬಂದಿತ್ತು, ಪದ್ಧತಿ ಮರೆತು ಬುಟ್ಟಿಯ ಆಳಕ್ಕೇ ಕೈ ಹಾಕಿದ. ಕೆಂಪು ರಾಜ ಹೊರಬಂದ. ಜಬ್ದಾಯ್ ಕಣ್ಣು ಮುಚ್ಚಿಕೊಂಡ. ಒರೆಗಲ್ಲಿನ ಸದ್ದು ಮಾತ್ರ ಕೇಳಿಸಿತು.

"ಇದು ಸರಿಯಾಗಿದೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ. ಮುಖ ಯಾಕೆ ಕೆಂಪಗಿದೆ?"

"ಹುಳಿಗೆ ಹಾಕೋದು ಮರ್ತೆ, ಸ್ವಾಮಿ."

ದಿನಕ್ಕೆ ಹುಳಿ ಎಷ್ಟು ಬೇಕೆಂದು ಪರೀಕ್ಷಕ ಕೇಳಿದ. ನಾಲ್ಕು ಕೊಡ ಎಂದ ಜಬ್ದಾಯ್. ಸೌದೆ? ಒಂದು ಕತ್ತೆಯ ಹೊರೆ. ಮಿಹ್ರಬಂದಕ್‌ನ ಮುಖದಲ್ಲಿ ಮೊದಲ ಬಾರಿಗೆ ನಗು ಮೂಡಿತು.

"ಸಂಬಳ ಅಂತ ಸಿಪಾಯಿಗಳ ಕೈಗೆ ಹೋದ್ರೆ ಹೆಂಗೂ ತಿಂಗಳಲ್ಲಿ ರಾಜರ ಮೂಗು ಸವೆದು ಕೆಂಪಾಗತ್ತೆ. ಮೊದಲೇ ಕೆಂಪಗಿದ್ರೆ ಏನು ಗಂಟು ಹೋಯ್ತು? ಮರ್ತು ಒಳ್ಳೇದೇ ಮಾಡಿದೆ ಕಣಯ್ಯ."

ಜಬ್ದಾಯ್‌ಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಅಷ್ಟರಲ್ಲಿ ಪರೀಕ್ಷಕ ಲೆಕ್ಕ ಬರೆಯುವವನನ್ನು ಕರೆದು ಅಪ್ಪಣೆ ಹೇಳಿದ: ಇವತ್ತಿನಿಂದ ಹುಳಿ ಬೇಡ, ಸೌದೆ ಬೇಡ, ಹುಳಿಯವನೂ ಬೇಡ.

ಸಂಜೆಯೊಳಗೆ ಕೊಪ್ಪರಿಗೆಯನ್ನು ಮಗುಚಿದರು. ಹುಳಿ ಮೆಟ್ಟಿಲಿಳಿದು ನದಿ ಸೇರಿತು. ಜಬ್ದಾಯ್‌ಗೆ ನಿಜವಾಗಿಯೂ ಅಳು ಬಂತು. ಖರ್ಚು ಉಳಿಸಿಕೊಟ್ಟದ್ದಕ್ಕೆ ಬಹುಮಾನವೆಂದು ಬುಟ್ಟಿಯಿಂದ ಒಂದು ನಾಣ್ಯ ಕೊಟ್ಟಿದ್ದರು. ಹಸಿವಾಗಿತ್ತು, ಅದನ್ನೇ ಅಮತ್ನನಾಯ್ ಮುಂದೆ ಚಾಚಿ ರೊಟ್ಟಿ ಕೇಳಿದ.

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟಳು.

"ಈ ಕೆಂಪು ನಂಗೆ ಬೇಡಪ್ಪ. ಹಳೇದು ಏನಾದ್ರೂ ಇದ್ರೆ ತಗೊಂಡ್ ಬಾ."