ಸ್ತ್ರೀ ಪುಸ್ತಿಕೆಗಳ ಹಂಚಿಕೆ

ಇಸ್ರೇಲಿನ ದಕ್ಷಿಣ ವಲಯ ಪ್ರವೇಶ ಪರೀಕ್ಷಾ ಮಂಡಳಿಯ ಪ್ರಶ್ನೆಪುಸ್ತಿಕೆ ಗಂಡಸರೊಂದಿಗೆ ಮಾತ್ರ ಮಾತಾಡುತ್ತದೆ. ಹಿಬ್ರೂವಿನಲ್ಲಿ ‘ಲೆಕ್ಕ ಮಾಡೋ’, ‘ಗುರುತು ಹಾಕೋ’ ಎಂದೇ ಅದರ ಧಾಟಿ. ಹುಡುಗಿಯರನ್ನು ‘ಮಾಡೇ’, ‘ಹಾಕೇ’ ಎಂದು ಕರೆದರೆ ಗಣಿತದಲ್ಲಿ ಅವರ ಅಂಕ ಏರುತ್ತದೆಂದು ಸಂಶೋಧಕರು ತೋರಿಸಿಕೊಟ್ಟಾಗ ಮಂಡಳಿ ಅದನ್ನು ತುಂಬು ಮನಸ್ಸಿನಿಂದ ಒಪ್ಪಿ, ಸ್ತ್ರೀ ಪುಸ್ತಿಕೆ ಅಚ್ಚು ಹಾಕಿಸಿತು. ಒಟ್ಟು ನಲವತ್ತು.

ದಿಮೋನಾ ಊರಿನ ಯೆಮಿಮಾ ಹಿಂದಿನ ಎರಡು ಸಲವೂ ಎರಡೇ ಅಂಕದಿಂದ ಎಂಜಿನಿಯರಿಂಗ್ ಸೀಟು ಕಳೆದುಕೊಂಡಿದ್ದಳು. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ಅಮ್ಮ ಮಜಾಲ್ ಜೊತೆ ಬೇಕರಿಯಲ್ಲಿ ಬುರೇಕಾ ಪಫ್ ಸುಡುವುದೇ ಗತಿ. ಅವಳು ಬೆಳಿಗ್ಗೆಯೇ ಹೋಗಿ ಸ್ತ್ರೀ ಪುಸ್ತಿಕೆಗಾಗಿ ಮಂಡಳಿಯ ಕೌಂಟರಿನ ಮುಂದೆ ನಿಂತಳು.

ಗುಮಾಸ್ತ ಗೇರ್ಶೋನ್ ಸೂರ್ಯಕಾಂತಿ ಬೀಜ ಬಿಡಿಸುತ್ತಾ ಪ್ರಮಾಣಪತ್ರ ಕೇಳಿದ.

“ಯಾವುದು?”

“ಗಂಡಸಿನಂತೆ ಕರೆದರೆ ನಿನಗೆ ತೊಂದರೆಯಾಗುತ್ತೆ ಅಂತ ಮನಶ್ಶಾಸ್ತ್ರಜ್ಞರು ಬರೆದುಕೊಡಬೇಕು.”

“ನಾನು ಹೆಂಗಸು ಸ್ವಾಮಿ. ಕಣ್ಣಿಗೆ ಕಾಣ್ತಿಲ್ವಾ?”

“ಕಾಣ್ತದಮ್ಮ. ಆದ್ರೆ ಹೆಣ್ಣಾಗಿರೋದು ಸ್ಥಿತಿ, ತೊಂದರೆ ಅಲ್ಲ. ನಿಯಮ ಏಳು, ಉಪನಿಯಮ ಮೂರು.”

ಸರ್ಕಾರಿ ದವಾಖಾನೆಯಲ್ಲಿ ಮನಶ್ಶಾಸ್ತ್ರಜ್ಞರ ಭೇಟಿಗೆ ಏಳು ತಿಂಗಳ ಸರದಿ ಇತ್ತು. ಖಾಸಗಿಯವರು ಮರುದಿನವೇ ಸಿಗುತ್ತಿದ್ದರು, ಮಜಾಲಳ ಎರಡು ತಿಂಗಳ ಸಂಬಳಕ್ಕೆ. ಸ್ತ್ರೀ ಪುಸ್ತಿಕೆಯಲ್ಲಿ ಅಂಕ ಜಾಸ್ತಿ ಬರುತ್ತದಂತೆ ಎಂಬ ಸುದ್ದಿ ಅಷ್ಟರಲ್ಲಿ ಉಳ್ಳವರ ಮನೆಗಳಿಗೆ ಮುಟ್ಟಿತ್ತು. ತಮ್ಮ ಗಂಡುಮಕ್ಕಳು ಗಂಡುಧಾಟಿಗೆ ಚಿಕ್ಕಂದಿನಿಂದಲೂ ಬೆಚ್ಚಿಬೀಳುತ್ತಿದ್ದರೆಂದು ತಾಯಂದಿರಿಗೆ ಒಮ್ಮೆಲೇ ನೆನಪಾಯಿತು. ನಲವತ್ತೂ ಪುಸ್ತಿಕೆ ಒಂದೇ ವಾರದಲ್ಲಿ ಆ ಗಂಡುಮಕ್ಕಳ ಹೆಸರಿಗೆ ಮಂಜೂರಾದವು, ಎಲ್ಲವೂ ಪ್ರಮಾಣಪತ್ರ ಸಮೇತ, ಕ್ರಮಬದ್ಧವಾಗಿ.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ನಿಮ್ರೋದ್ ಎಂಬ ಗಡ್ಡದ ಹುಡುಗ ತನ್ನ ಸ್ತ್ರೀ ಪುಸ್ತಿಕೆ ತೆರೆದು ಪುಳಕಗೊಂಡ. ಎಷ್ಟು ಅಕ್ಕರೆಯಿಂದ ಕರೀತಾರೆ ನೋಡು ಅಂದ. ಯೆಮಿಮಾಗೆ ಮೈಯೆಲ್ಲ ಉರಿಯಿತು. ಅವಳ ಪುಸ್ತಿಕೆ ‘ಬೇಗ ಮಾಡೋ’ ಎನ್ನುತ್ತಿತ್ತು. ಮಾಡಿದಳು. ಮತ್ತೆ ಎರಡೇ ಅಂಕ ಕಡಿಮೆ ಬಿತ್ತು.

ನಲವತ್ತು ಮಂದಿಯೂ ಪಾಸಾದರು. ಅಭ್ಯರ್ಥಿಗಳ ಲಿಂಗವನ್ನು ಪುಸ್ತಿಕೆ ನೋಡಿಯೇ ದಾಖಲಿಸುವ ಪದ್ಧತಿ ಇದ್ದುದರಿಂದ, ಎಂಜಿನಿಯರಿಂಗ್ ವಿಭಾಗಕ್ಕೆ ಇತಿಹಾಸದಲ್ಲೇ ಮೊದಲ ಬಾರಿ ನಲವತ್ತು ಮಹಿಳೆಯರು ಬಂದಿದ್ದಾರೆಂದು ಮಂಡಳಿ ಪ್ರಕಟಣೆ ಹೊರಡಿಸಿತು. ಪತ್ರಿಕೆಯಲ್ಲಿ ಫೋಟೋ ಬಂತು. ಗಡ್ಡಗಳ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಆದರೆ ವಿಭಾಗದಲ್ಲಿ ಗಂಡಸರ ಸಂಖ್ಯೆ ಆತಂಕಕಾರಿಯಾಗಿ ಕುಸಿದಿತ್ತು. ಸಮತೋಲನಕ್ಕಾಗಿ ಪುರುಷ ಅಭ್ಯರ್ಥಿಗಳಿಗೆ ಎರಡು ಅಂಕ ರಿಯಾಯಿತಿ ಕೊಡಲು ತುರ್ತು ಸಭೆ ತೀರ್ಮಾನಿಸಿತು. ಮರುವಾರ ಗೇರ್ಶೋನ್ ಯೆಮಿಮಾಳನ್ನು ಕರೆಸಿ ಅಭಿನಂದಿಸಿದ. ದಾಖಲೆಯಲ್ಲಿ ಅವಳು ಗಂಡಸು, ಸೀಟು ಸಿಕ್ಕಿದೆ, ಲಿಂಗದ ಕಾಲಮ್ಮಿನೆದುರು ಒಪ್ಪಿಗೆಯ ಸಹಿ ಒಂದು ಬಾಕಿ.

“ಸುಳ್ಳು ಅಲ್ವಾ ಇದು?” ಅಂದಳು ಯೆಮಿಮಾ.

“ಸುಳ್ಳು ಯಾಕಾಗುತ್ತೆ? ಮೂರು ವರ್ಷದಿಂದ ನಿನ್ನ ಹಾಗೇ ಕರೀತಿದ್ದೀವಿ, ಒಂದು ದಿನಾನೂ ತಕರಾರು ತೆಗೆದಿಲ್ಲ.”

ಅವಳು ಜೊತೆಗೆ ಬಂದಿದ್ದ ಅಮ್ಮನ ಮುಖ ನೋಡಿದಳು. ಮಜಾಲ್ ತಲೆಯ ವಸ್ತ್ರ ಸರಿಮಾಡಿಕೊಂಡು, “ಹಾಕ್ಬಿಡು ಮಗಳೇ,” ಅಂದಳು. “ಓದು ಮುಗಿದ್ಮೇಲೆ ಹೆಣ್ಣಾಗಿರುವೆಯಂತೆ.”

ಯೆಮಿಮಾಗೆ ಸಂತೋಷವೂ ಆಯಿತು, ಅಳುವೂ ಬಂತು. ಸಹಿ ಹಾಕಿದಳು. ಗೇರ್ಶೋನ್ ಎದ್ದು ನಿಂತು, ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಮಾಡುವ ಹಾಗೆ, ಅವಳ ಕೈ ಗಟ್ಟಿಯಾಗಿ ಕುಲುಕಿದ.