ಬೋರ್‌ವೆಲ್ ಬೇಡ ಎಂದವನ ಕೈಗುಣ

ಇಂಥ ಪೇಚುಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನಾನು ಅರ್ಥಶಾಸ್ತ್ರಜ್ಞ, ಬೇಸಾಯಕ್ಕೂ ಪರಿಸರಕ್ಕೂ ಎಂಥ ನೀತಿ ಬೇಕೆಂದು ಹೇಳುವುದು ನನ್ನ ಕೆಲಸ. ಕೇಳುವುದು ಯಾರ ಕೆಲಸವೆಂದು ಇನ್ನೂ ತೀರ್ಮಾನವಾಗಿಲ್ಲ. ಹೊಸ ಬೋರ್‌ವೆಲ್ ಕೊರೆಸುವುದಿಲ್ಲ ಎಂದು ಒಪ್ಪುವ ಒಂದೇ ಒಂದು ಊರು ನನಗೆ ಬೇಕಿತ್ತು. ಸಿಗದಿದ್ದರೆ ನನ್ನ ಯೋಜನೆ ಮುಚ್ಚಿದಂತೆ. ಚಿಂತಾಮಣಿಯ ಡ್ರೈವರ್ ಒಬ್ಬರ ಜೊತೆ ಹುಡುಕಲು ಹೊರಟೆ. ಸಿಕ್ಕವರಿಗೆಲ್ಲ ನನ್ನನ್ನು "ನೀರಿನ ದೊಡ್ಡ ಸಾಹೇಬ್ರು" ಎಂದು ಪರಿಚಯಿಸುವುದು ಅವರ ಚಟ.

ಕೆರೆಯ ಬೆಲೆ

ಮಾರಾಟಕ್ಕಿಲ್ಲದ ವಸ್ತುವಿಗೂ ಜನ ಎಷ್ಟು ಕೊಡಲು ಸಿದ್ಧರಿದ್ದಾರೆಂದು ಕೇಳಿ ಅದರ ಮೌಲ್ಯ ತಿಳಿಯುವ ಪದ್ಧತಿ ನಮ್ಮ ಶಾಸ್ತ್ರದಲ್ಲಿದೆ. ಗೌರಿಬಿದನೂರಿನ ಕಡೆ ಒಂದು ಊರಲ್ಲಿ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದೆ: "ಅಮ್ಮಾ, ಈ ಕೆರೆಗೆ ನೀವು ಎಷ್ಟು ಕೊಡ್ತೀರಿ?"

ಅಜ್ಜಿ ಒಳಗೆ ತಿರುಗಿ ಕೂಗಿದರು, "ಬಾರೇ ಇಲ್ಲಿ! ಯಾರೋ ಕೆರೆ ಮಾರಕ್ಕೆ ಬಂದವ್ರೆ!"

ಅರ್ಧ ಊರು ಸೇರಿ ಬೈಯಿತು. ಬೋರ್‌ವೆಲ್ ಮಾತೆತ್ತದೆಯೇ ಹೊರಟೆ. ಜೀಪು ಹತ್ತುವಾಗ, ಎಲ್ಲರಿಗಿಂತ ಜೋರಾಗಿ ಬೈದಿದ್ದವರು ಕಿಟಕಿಗೆ ಬಂದು ಮೆಲ್ಲಗೆ ಕೇಳಿದರು: "ಸಾರ್, ರೋಡ್ ಕಡೆ ಕಾರ್ನರ್ ಸೈಟ್ ಇದ್ರೆ ನಮಗೇ ಹೇಳಿ."

ವಿಷದ ಅರಿವು

ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಗಾರರೊಬ್ಬರ ಮಾತು ಊರಲ್ಲಿ ನಡೆಯುತ್ತದೆಂದು ಅವರನ್ನೇ ಹಿಡಿದೆ. ಪೀಠಿಕೆಯಾಗಿ, "ಕೀಟನಾಶಕ ಎಷ್ಟು ಅಪಾಯ ಅಂತ ಗೊತ್ತಾ?" ಎನ್ನುತ್ತಾ ಹುಳುಮನೆಗೆ ಕಾಲಿಟ್ಟೆ.

ಅವರು ಮೂಗರಳಿಸಿದರು. "ಸೊಳ್ಳೆ ಕ್ರೀಮ್ ಹಚ್ಕೊಂಡಿದೀರಾ?"

"ಹೌದು."

"ಅಯ್ಯಯ್ಯೋ, ಆಚೆ ನಡೀರಿ ಸಾರ್! ಹುಳ ಸಾಯ್ತವೆ!"

ಉಳಿದ ಉಪನ್ಯಾಸವನ್ನು ರಸ್ತೆಯಾಚೆಯ ಹೊಂಗೆಮರದಡಿ ನಿಂತು ಕೂಗಬೇಕಾಯಿತು. "ಹೊಸ ಬೋರ್‌ವೆಲ್ ಬೇಡಾ!" ಎಂದು ಕೂಗಿದೆ. ಅವರೂ ಕೂಗಿದರು: "ಮೊದ್ಲು ಸ್ನಾನ ಮಾಡ್ರೀ! ನಮ್ ಬೋರಲ್ಲಿ ನೀರೈತೆ!"

ಒಂದು ತೆಂಗಿನಕಾಯಿ

ಕೊನೆಗೆ ಮಂಡಿಕಲ್ ಕಡೆಯ ಊರೊಂದು ಸಭೆ ಸೇರಿಸಿತು. ಊರ ಯಜಮಾನರು ಎದ್ದು ನಿಂತು, "ಇನ್ನು ಈ ಊರಲ್ಲಿ ಬೋರ್ ಕೊರ್ಸಲ್ಲ ಸಾರ್," ಎಂದರು. ನನ್ನ ಕಣ್ಣು ತುಂಬಿ ಬಂತು. ಯೋಜನೆ ಉಳಿಯಿತು!

"ಇದೊಂದು ಬಿಟ್ಟು," ಎಂದು ಅವರು ಮಾತು ಮುಗಿಸಿದರು.

ಶಾಲೆಯ ಹಿಂದೆ ಬೋರ್‌ವೆಲ್ ಲಾರಿ ಅರಿಸಿನ, ಕುಂಕುಮ, ಚೆಂಡುಹೂವಿನ ಸಿಂಗಾರದಲ್ಲಿ ನಿಂತಿತ್ತು. "ನೀರಿನ ದೊಡ್ಡ ಸಾಹೇಬ್ರು ಅಂತ ಡ್ರೈವರಣ್ಣ ಹೇಳಿದ್ರು. ನಿಮ್ ಕೈಯಿಂದ್ಲೇ ಪೂಜೆ ಆಗ್ಲಿ ಅಂತ ಕಾಯ್ತಿದೀವಿ." ಕೈಗೆ ತೆಂಗಿನಕಾಯಿ ಬಂತು. ಬೇಡವೆಂದರೆ ಊರವರು ಕೊಟ್ಟ ಮಾತೂ ಹೋಗುತ್ತದೆ. ಒಡೆದೆ. ಅಷ್ಟೇ ಅಲ್ಲ, ದೇವರೇ, ನೀರು ಬಾರದಿರಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಕೊರೆಯುತ್ತಾ ಸಂಜೆಯಾಗುವಷ್ಟರಲ್ಲಿ, "ನೀಳ್ಳು ವಚ್ಚಿನಾಯ್!" ಎಂದು ಯಾರೋ ತೆಲುಗಿನಲ್ಲಿ ಕಿರುಚಿದರು. ನೀರು ಮುಗಿಲಿಗೆ ಚಿಮ್ಮಿ ನನ್ನನ್ನೂ ನನ್ನ ನೀತಿಯನ್ನೂ ಒಟ್ಟಿಗೆ ತೋಯಿಸಿತು. ಡ್ರೈವರ್ ನನ್ನನ್ನು ಎತ್ತಿಕೊಂಡು ಕುಣಿದರು.

ಆ ಊರಿನವರು ಮಾತಿಗೆ ತಪ್ಪಲಿಲ್ಲ, ಮತ್ತೆ ಕೊರೆಸಲಿಲ್ಲ. ಆದರೆ ನನ್ನ ಕೈಗುಣದ ಸುದ್ದಿ ಜಿಲ್ಲೆಯೆಲ್ಲ ಹಬ್ಬಿತು. ಮೊನ್ನೆ ಶಿಡ್ಲಘಟ್ಟದ ರೇಷ್ಮೆಯವರೇ ಫೋನ್ ಮಾಡಿದ್ದರು.

"ಸಾರ್, ನಮ್ಮೂರೂ ನಿಮ್ ಯೋಜನೆಗೆ ಒಪ್ಪೈತೆ. ಇನ್ನು ಬೋರ್ ಕೊರ್ಸಲ್ಲ."

"ತುಂಬಾ ಸಂತೋಷ!"

"ಕಾಯಿ ಒಡೆಯಕ್ಕೆ ಯಾವತ್ತು ಬರ್ತೀರಿ? ಲಾರಿ ಬಂದು ನಿಂತೈತೆ. ಆ ಕ್ರೀಮ್ ಮಾತ್ರ ಹಚ್ಕೊಂಡು ಬರಬೇಡಿ."