ಬಟ್ಟಲಿಗೆ ನೀರು

ಮೇಡಂ ಬರೆದಿಟ್ಟು ಹೋಗಿದ್ದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ಬಟ್ಟಲಲ್ಲಿ ನೀರು ಆರದ ಹಾಗೆ ನೋಡಿಕೊಳ್ಳಿ." ಕಡತಪ್ಪ ಅದನ್ನು ಮೂರು ವಾರ ಚಾಚೂ ತಪ್ಪದೆ ಪಾಲಿಸಿದ. ಕುಂಡದ ಕೆಳಗಿದ್ದ ಪಿಂಗಾಣಿ ಬಟ್ಟಲಿಗೆ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಮೇಡಂ ರಜೆ ಮುಗಿಸಿ ನಾಲ್ಕು ಗಂಟೆಗೆ ಬರುವವರಿದ್ದ ದಿನ, ಎಲೆಯ ಮೇಲಿನ ದೂಳು ಒರೆಸಲು ಹೋದರೆ, ಗಿಡ ಕುಂಡವನ್ನು ಬಿಟ್ಟು ಸಲೀಸಾಗಿ ಅವನ ಕೈಗೆ ಬಂತು. ಬೇರು ಇರಬೇಕಾದ ಕಡೆ ಕೊಳೆತ ಬಾಳೆಹಣ್ಣಿನಂಥದ್ದೇನೋ ಇತ್ತು.

ಗಿಡದ ಹೆಸರು ಬ್ರೊಮೀಲಿಯಡ್. ಅನಾನಸ್ ಬಳಗದ್ದಂತೆ, ಆದರೆ ತಿನ್ನುವ ಹಣ್ಣಿಲ್ಲ. ಎಲೆಗಳ ನಡುವೆ ಉರಿಯುವಂಥ ಕೆಂಪು ಹೂ. ಕಚೇರಿಗೆ ಬಂದ ಕೂಡಲೇ ಮೇಡಂ ಮೊದಲು ಅದರ ಯೋಗಕ್ಷೇಮ ನೋಡಿ, ಆಮೇಲೆ ಸಿಬ್ಬಂದಿಯ ಕಡೆ ತಿರುಗುತ್ತಿದ್ದರು. ಕಡತಗಳ ಕೋಣೆಯ ಗುಮಾಸ್ತನಾದ ಕಡತಪ್ಪನಿಗೆ ಈ ಗಿಡದ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದರೆ ಗಿಡವಿದ್ದ ಮೇಡಂ ಮೇಜಿನ ಮೇಲೆಯೇ ಅವನ ವರ್ಗಾವಣೆಯ ಅರ್ಜಿಯೂ ಇತ್ತು. ಹೆಂಡತಿ ಬೇರೆ ಊರಿನಲ್ಲಿ ಶಾಲೆಯ ಟೀಚರ್, ಮಗಳೂ ಅಲ್ಲೇ. ಇವತ್ತು ಮೇಡಂ ಒಪ್ಪಿದರೆ ಮೂವರೂ ಒಂದೇ ಮನೆಯಲ್ಲಿ. ಒಪ್ಪದಿದ್ದರೆ ಇನ್ನೂ ಮೂರು ವರ್ಷ ತಾನು ಬೇಯಿಸಿದ್ದನ್ನು ತಾನೇ ಉಣ್ಣಬೇಕು. ನಾಲ್ಕು ವರ್ಷ ಉಂಡು ಅವನಿಗೆ ಅದರ ರುಚಿ ಚೆನ್ನಾಗಿ ಗೊತ್ತಿತ್ತು.

ಕೈಯಲ್ಲಿ ಗಿಡ ಹಿಡಿದು ನಿಂತವನನ್ನು ಟೈಪಿಸ್ಟ್ ಅಕ್ಕ ನೋಡಿದಳು.

"ಸೇಬು ಇಟ್ರಾ?"

"ಯಾವ ಸೇಬು?"

"ಮಾಗಿದ ಸೇಬಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ರೆ ಈ ಜಾತಿ ಗಿಡ ಹೂ ಬಿಡುತ್ತೆ. ಓದಿದೀನಿ ನಾನು."

"ಹೂ ಇದೆ ಅಕ್ಕ. ಇಲ್ದೇ ಇರೋದು ಬೇರು."

"ಅದೆಲ್ಲ ಆಮೇಲೆ. ಮೊದಲು ಸೇಬು ಇಡಿ."

ಕಡತಪ್ಪ ಸೇಬು ತಂದು ಕಟ್ಟಿಟ್ಟ. ಅರ್ಧ ಗಂಟೆ ಬಿಟ್ಟು ಚೀಲ ಬಿಚ್ಚಿದರೆ ಗಿಡ ಇದ್ದ ಹಾಗೇ ಇತ್ತು, ಸೇಬು ಮಾತ್ರ ಇರಲಿಲ್ಲ. ಲೆಕ್ಕಪತ್ರ ವಿಭಾಗದ ದಪ್ಪಣ್ಣ ಬಾಯಿ ಒರೆಸಿಕೊಳ್ಳುತ್ತ, "ಚೀಲದಲ್ಲಿತ್ತಲ್ಲ, ತೊಳೆದಿಟ್ಟಿದ್ದು ಅಂದ್ಕೊಂಡೆ," ಎಂದ. ತಿಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ಅವನೇ ಗಿಡವನ್ನು ಅಡಿಪಟ್ಟಿಗೆ ಕಟ್ಟಿ, ಬುಡಕ್ಕೆ ಅರ್ಧ ಬಾಟಲಿ ಗೋಂದು ಸುರಿದು, ಕುಂಡದಲ್ಲಿ ನಿಲ್ಲಿಸಿದ. ಗಿಡ ಹತ್ತು ನಿಮಿಷ ಮರ್ಯಾದೆಯಿಂದ ನಿಂತು, ಆಮೇಲೆ ಮೇಡಂ ಕುರ್ಚಿಗೆ ನಮಸ್ಕಾರ ಮಾಡುವವರ ಹಾಗೆ ಬಾಗಿ ಮೇಜಿನ ಮೇಲೆ ಮಲಗಿತು.

"ಹೊಸದು ತಂದಿಡಿ ಸಾರ್," ಎಂದ ಜವಾನ. "ಬಸ್ ಸ್ಟ್ಯಾಂಡ್ ಹಿಂದೆ ನರ್ಸರಿ ಇದೆ."

ಬೆಳಗಿನಿಂದ ಯಾರೂ ಆಡದಿದ್ದ ಬುದ್ಧಿಯ ಮಾತು ಅದು. ಕಡತಪ್ಪ ಸತ್ತ ಗಿಡವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಓಡಿದ.

ನರ್ಸರಿಯಾಕೆ ಸುತ್ತಿದ್ದನ್ನು ಬಿಚ್ಚಿ ನೋಡಿದಳು. "ನೀರು ಎಲ್ಲಿಗೆ ಹಾಕ್ತಿದ್ರಿ?"

"ಬಟ್ಟಲಿಗೆ."

"ಯಾವ ಬಟ್ಟಲಿಗೆ?"

"ಕುಂಡದ ಕೆಳಗಿತ್ತಲ್ಲ, ಪಿಂಗಾಣಿದು."

ಆಕೆ ಪಕ್ಕದ ಗಿಡವೊಂದನ್ನು ಎತ್ತಿ ತೋರಿಸಿದಳು. "ಎಲೆಗಳೆಲ್ಲ ಸೇರೋ ಕಡೆ ನಡುವೆ ಗುಂಡಿ ಇದೆ ನೋಡಿ, ನೀರು ನಿಂತಿದೆ. ಇದಕ್ಕೆ ಬಟ್ಟಲು ಅನ್ನೋದು. ಈ ಗಿಡ ನೀರು ಕುಡಿಯೋದು ತಲೆಯಿಂದ. ನೀವು ಮೂರು ವಾರ ಅದರ ಕಾಲು ನೆನೆಹಾಕಿದೀರಿ."

ಅವಳ ಹತ್ತಿರ ಉಳಿದಿದ್ದದ್ದು ಹಳದಿ ಹೂವಿನದು ಮಾತ್ರ. ಕೊನೆಯ ಕೆಂಪು ಹೂವಿನದನ್ನು ಬೆಳಿಗ್ಗೆಯಷ್ಟೇ ಬೀದಿ ಮೂಲೆಯಲ್ಲಿರುವ ಹಲ್ಲಿನ ಡಾಕ್ಟರು ಒಯ್ದಿದ್ದರು. ಕಡತಪ್ಪ ಬದಲಿಗೆ ಕೊಡಲು ಹಳದಿಯದನ್ನು ಕೊಂಡು ಅಲ್ಲಿಗೆ ನಡೆದ.

"ಡಾಕ್ಟರನ್ನ ನೋಡ್ಬೇಕಾದ್ರೆ ಒಳಗೆ ಹೋಗಿ ಕುರ್ಚಿ ಮೇಲೆ ಒರಗಿ," ಎಂದಳು ನರ್ಸ್. ಒರಗಿದ. "ಗಿಡ..." ಎಂದು ಹೇಳಲು ಬಾಯಿ ತೆರೆದ. ತೆರೆದ ಬಾಯಿಯನ್ನು ಡಾಕ್ಟರು ಮುಚ್ಚಲು ಬಿಡಲಿಲ್ಲ.

"ಗಿಡ ಎಲ್ಲಿಗೂ ಓಡಿಹೋಗಲ್ಲ. ಈ ದವಡೆ ಹಲ್ಲು ಪೂರ್ತಿ ಹುಳುಕಾಗಿದೆ. ಇದನ್ನ ಇಟ್ಕೊಂಡು ಹೇಗೆ ಓಡಾಡ್ತಿದೀರಿ?"

ಮೂರೂವರೆಗೆ ಕಡತಪ್ಪ ಒಂದು ಹಲ್ಲು ಕಳೆದುಕೊಂಡು, ಹಳದಿಯದನ್ನು ಡಾಕ್ಟರಿಗೆ ಕೊಟ್ಟು ಕೆಂಪು ಹೂವಿನ ಗಿಡ ಅಪ್ಪಿಕೊಂಡು, ಊದಿದ ಕೆನ್ನೆಯೊಂದಿಗೆ ಕಚೇರಿಗೆ ಬಂದ. ಎಲ್ಲರೂ ಸೇರಿ ಗಿಡವನ್ನು ಹಳೆಯ ಕುಂಡಕ್ಕೆ ಇಳಿಸಿ, ಮಣ್ಣು ಒತ್ತಿ, ಈ ಸಲ ಎಲೆಗಳ ನಡುವಿನ ಬಟ್ಟಲಿಗೇ ನೀರು ಹಾಕಿದರು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಗಿಡದ ಮುಂದೆ ನಿಂತರು. ಕುಂಡ ತಿರುಗಿಸಿ ನೋಡಿದರು. ಎಲೆಗಳ ನಡುವಿನ ನೀರಿಗೆ ಬೆರಳು ಅದ್ದಿದರು.

"ನಾನು ರಜೆ ಹೋಗೋವಾಗ್ಲೇ ಇದರ ಕತೆ ಮುಗೀತಾ ಬಂದಿತ್ತು," ಎಂದರು ಕೊನೆಗೆ. "ಹೂ ಒಂದು ಸಲ ಬಿಟ್ರೆ ಮುಗೀತು, ಆಮೇಲೆ ಈ ಗಿಡ ಒಣಗಿ ಸಾಯುತ್ತೆ. ಯಾರು ಎಷ್ಟು ನೋಡ್ಕೊಂಡ್ರೂ ಅಷ್ಟೇ. ಬಂದ ಮೇಲೆ ಬಿಸಾಡೋಣ ಅಂತಿದ್ದೆ. ನೀವು ಏನು ಮಾಡಿದ್ರಿ ಇದಕ್ಕೆ?"

ಹೊಗಳಿಕೆ ಯಾವ ಕಡೆ ಹೊರಟಿದೆ ಎಂದು ಕಡತಪ್ಪನಿಗೆ ವಾಸನೆ ಬಡಿಯಿತು: ಇಂಥ ಕೈಗುಣದವನನ್ನು ಯಾರು ಬೇರೆ ಊರಿಗೆ ಬಿಟ್ಟುಕೊಡುತ್ತಾರೆ? ಮರಗಟ್ಟಿದ ಬಾಯಿಯಲ್ಲೇ ನಿಜ ಹೇಳಿಬಿಟ್ಟ.

"ಮೇಡಂ, ಇದು ಹಳೇ ಗಿಡ ಅಲ್ಲ."

"ಅದೇ ನಾನೂ ಹೇಳ್ತಿರೋದು. ಹೊಸ ಗಿಡವೇ ಆಗ್ಹೋಗಿದೆ."

"ಅಲ್ಲ ಮೇಡಂ, ಆ ಗಿಡ ಸತ್ತೇಹೋಯ್ತು."

"ಸತ್ತಿದ್ದನ್ನ ಬದುಕಿಸಿದೀರಲ್ಲ, ಮತ್ತಿನ್ನೇನು. ಹಲ್ಲುನೋವು ಇಟ್ಕೊಂಡು ಇಷ್ಟು ಸೇವೆ ಮಾಡಿದೀರಿ."

ಮೇಡಂ ಕೂತು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೊಸ ಕಟ್ಟಡದ ಪಡಸಾಲೆಗೆ ಇಂಥವೇ ನಲವತ್ತು ಗಿಡ ಬರುತ್ತಿವೆ, ಯಾರಿಗೆ ಒಪ್ಪಿಸುವುದೆಂದು ರಜೆಯುದ್ದಕ್ಕೂ ಅದೇ ಯೋಚನೆಯಾಗಿತ್ತು ಎಂದರು. ಆಮೇಲೆ ನಿಧಾನವಾಗಿ ಬರೆದು ಸಹಿ ಹಾಕಿದರು: "ಇವರ ಸೇವೆ ಈ ಕಚೇರಿಗೆ ಅತ್ಯಗತ್ಯ. ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಹೊರಗೆ ಬಂದಾಗ ಹೆಂಡತಿಯ ಫೋನು ಕಾಯುತ್ತಿತ್ತು.

"ಏನಾಯ್ತು ರೀ? ಮೇಡಂ ಸಹಿ ಹಾಕಿದ್ರಾ?"

"ಹಾಕಿದ್ರು," ಎಂದ ಕಡತಪ್ಪ. ಏನೆಂದು ಬರೆದು ಅದರ ಕೆಳಗೆ ಹಾಕಿದರು ಎಂದು ಹೇಳಲು ನಾಲಗೆ ಹೊರಳಲಿಲ್ಲ. ಆ ಕಡೆ ಅವಳಾಗಲೇ ಮಗಳನ್ನು ಕೂಗಿ, ಅಪ್ಪನ ಬಟ್ಟೆಗೆ ಬೀರುವಿನಲ್ಲಿ ಜಾಗ ಮಾಡು ಎನ್ನುತ್ತಿದ್ದಳು.